ಓಬಮ್ಮನ ಸೂಜಿ

ಆಂಧ್ರದ ಗಡಿಯ ನಮ್ಮ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡುಗಳಿಗೆ ಬರವಿಲ್ಲ. ಆದರೆ ಓಬಮ್ಮ ಇರುವುದು ನಮ್ಮ ಶೆಡ್ಡಿನಲ್ಲಿ ಮಾತ್ರ. ಪ್ಯಾಂಟಿನ ಎರಡು ಕಾಲು ಕೂಡುವಲ್ಲಿ ಬಟ್ಟೆ ಮಡಿಕೆಯ ಮೇಲೆ ಮಡಿಕೆ ಬಿದ್ದು ದಪ್ಪವಾಗುತ್ತದೆ. ಎಂಥವರ ಸೂಜಿಯೂ ಅಲ್ಲಿ ಟಕ್ಕೆಂದು ಮುರಿಯುತ್ತದೆ. ‘ನನ್ನ ಕೈಯಾಗ ಮಾತ್ರ ಸೂಜಿ ಮುರಿಯಂಗಿಲ್ಲ’ ಎಂದು ಓಬಮ್ಮ ಮದುವೆಮನೆಯಲ್ಲೂ ಹೇಳಿಕೊಳ್ಳುತ್ತಿದ್ದಳು. ಬಟ್ಟೆ ಕತ್ತರಿಸುವ ಮಾಸ್ತರನಾದ ನಾನು ನಂಬಿದವನಂತೆ ತಲೆಯಾಡಿಸುತ್ತಿದ್ದೆ. ಆಕೆಯ ಬಾಯಿಗೆ ಸಿಕ್ಕಿಕೊಳ್ಳುವವರು ಯಾರು?

ಆಕೆಯ ತಂಗಿಯ ಮಗಳು ದೇವಿಕಾ ಅನಂತಪುರದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಸೂಜಿಯ ಆಯುಷ್ಯವನ್ನು! ಹೊಸ ಸೂಜಿ ಯಾವಾಗ ಹಾಕಿದ್ದು, ಯಾವಾಗ ಮುರಿಯಿತು ಎಂಬ ವಿವರವನ್ನು ಲ್ಯಾಪ್‌ಟಾಪಿನ ಸಾಫ್ಟ್‌ವೇರಿಗೆ ಕೊಟ್ಟರೆ, ಮುರಿಯುವ ಅಪಾಯ ಯಾವಾಗ ಹೆಚ್ಚೆಂದು ಅದು ಗೆರೆ ಎಳೆದು ತೋರಿಸುತ್ತದೆ. ಸೂಜಿ ಮುರಿದಾಗಲೆಲ್ಲ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಮುರಿಯುವ ಹೊತ್ತು ಗೊತ್ತಾದರೆ ಮೊದಲೇ ಬದಲಿಸಬಹುದು, ತುಂಡು ಹಾರಿ ಕಣ್ಣಿಗೆ ಬಡಿಯುವುದು ತಪ್ಪುತ್ತದೆ. ಒಳ್ಳೆಯ ಕೆಲಸವೇ.

ಅದಕ್ಕೆಂದೇ ಓಬಮ್ಮನ ಮನೆಯಲ್ಲಿ ಉಳಿದು, ದಿನಾ ಸಂಜೆ ನಮ್ಮ ಶೆಡ್ಡಿಗೆ ಬಂದು ಕೇಳುತ್ತಿದ್ದಳು: ‘ಯಾರ್ದರ ಸೂಜಿ ಮುರೀತೇನ್ರೀ?’

‘ಇಲ್ಲವ್ವ, ಒಂದೂ ಇಲ್ಲ!’ ಎಲ್ಲರದೂ ಒಂದೇ ರಾಗ.

ಕೊನೆಗೆ ಲ್ಯಾಪ್‌ಟಾಪು ಎಳೆದ ಗೆರೆ ಕೆರೆ ಏರಿಯಂತೆ ನೆಟ್ಟಗೆ ಮಲಗಿತ್ತು. ಅದನ್ನು ನೋಡಿದ ಅವಳ ಮೇಷ್ಟ್ರು ಲಕ್ಷ್ಮೀನರಸಪ್ಪ ಫೋನು ಮಾಡಿದರು. ಮಡಕಶಿರದವರು; ಪಾಠ ತೆಲುಗಿನಲ್ಲಾದರೂ ಸಿಟ್ಟು ಮಾತ್ರ ಕನ್ನಡದಲ್ಲೇ. ‘ಏನಮ್ಮಾ ಇದು? ಇವೇನ್ ಸೂಜಿಗಳೋ ಚಿರಂಜೀವಿಗಳೋ? ಮನೇಲಿ ಕೂತ್ಕಂಡು ಬರ್ದೆಯಾ? ಈ ತಿಂಗಳೊಳಗೆ ನಿಜವಾದ್ದು ತರ್ದಿದ್ರೆ ಇನ್ನೊಂದ್ ವರ್ಷ ಕಾಯ್ಬೇಕು, ನೋಡ್ಕೋ!’

ಫೋನಿನ ಸ್ಪೀಕರಿನಲ್ಲಿ ಶೆಡ್ಡಿಗೆಲ್ಲ ಕೇಳಿಸಿತು. ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು.

ಓಬಮ್ಮ ಎಲೆಅಡಿಕೆ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಎಲ್ಲಾ ಮುರಿದ ಸೂಜಿಗಳು!

‘ಸೂಜಿ ಮುರಿದ್ರ ನಿನ್ನ ಮಾರ್ಕು ಕಮ್ಮಿ ಆಗ್ತಾವಂತ ತಿಳ್ಕಂಡಿದ್ವಿ ತಾಯಿ. ಮುಚ್ಚಿಡ್ರಿ ಅಂತ ನಾನ ಎಲ್ಲಾರಿಗೂ ಹೇಳಿದ್ದೆ.’

ದೇವಿಕಾಳಿಗೆ ಅಳುವಿನ ನಡುವೆಯೇ ನಗು ಬಂತು. ‘ಇವು ಯಾವಾಗ ಮುರಿದ್ವು ಅಂತ ಗೊತ್ತಿಲ್ಲ ದೊಡ್ಡಮ್ಮ, ಲೆಕ್ಕಕ್ಕ ಬರಂಗಿಲ್ಲ. ಇನ್ನ ಮ್ಯಾಲೆ ಮುರಿದ್ರ ಮುರೀತು ಅಂತ ಹೇಳ್ರಿ, ಸಾಕು.’

ಮರುದಿನ ಎಲ್ಲ ಮಿಷನ್ನಿಗೂ ಹೊಸ ಸೂಜಿ ಬಿತ್ತು. ಆದರೆ ಮೊದಲು ಮುರಿದವರೆಂಬ ಹೆಸರು ಯಾರಿಗೆ ಬೇಕು? ದಪ್ಪ ಜಾಗ ಬಂದರೆ ಎಲ್ಲರೂ ಪೆಡಲು ಬಿಟ್ಟು ಸೂಜಿ ಮುರಿಯದಂತೆ ಕೈಯಿಂದ ಮೆಲ್ಲಗೆ ಚಕ್ರ ತಿರುಗಿಸತೊಡಗಿದರು, ಓಬಮ್ಮನೂ ಸೇರಿ. ಸಂಜೆಯಾದರೂ ಗೆರೆ ಮಲಗಿದಲ್ಲೇ ಮಲಗಿತ್ತು. ದೇವಿಕಾ ಯಾರನ್ನೂ ಬೈಯಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಬಾಗಿಲ ಬಳಿ ಹೋಗಿ ಕೂತಳು. ಓಬಮ್ಮ ಅವಳನ್ನೊಮ್ಮೆ ನೋಡಿ, ಎಂದಿನ ವೇಗಕ್ಕೆ ಪೆಡಲು ತುಳಿದಳು. ಒಂದು ಪ್ಯಾಂಟು ಮುಗಿಯಿತು, ಎರಡಾಯಿತು. ಮೂರನೆಯದರ ದಪ್ಪ ಜಾಗದಲ್ಲಿ ಟಕ್!

ಆಕೆಯ ಕೈ ಒಂದು ಗಳಿಗೆ ತುಂಡಿನ ಮೇಲೇ ನಿಂತಿತು. ಆಮೇಲೆ ಅದನ್ನು ಎತ್ತಿ ಹಿಡಿದು ಕೂಗಿದಳು: ‘ಬರ್ಕೋ ದೇವಿಕಾ! ಓಬಮ್ಮಂದು ಮುರೀತು!’

ಅಷ್ಟೇ, ಎಲ್ಲರ ಬಾಯಿಯೂ ಬಿಚ್ಚಿತು, ಕಾಲೂ ಪೆಡಲಿಗೆ ಮರಳಿತು. ತಿಂಗಳು ಮುಗಿಯುವುದರೊಳಗೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ‘ಈಗ ಸರೋಯ್ತು ನೋಡಮ್ಮ’ ಎಂದು ಮೇಷ್ಟ್ರೂ ಒಪ್ಪಿದರು.

ಆ ದಿನ ದೇವಿಕಾ ಹಂಚಿದ ಪೇಡೆ ತಿನ್ನುತ್ತಾ ನಾನು ಕೆಣಕಿದೆ: ‘ಏನ್ರೀ ಓಬಮ್ಮ, ಇಷ್ಟ್ ವರ್ಷದ ಹೆಸರು ಹಾಳಾತಲ್ರೀ!’

‘ಆಗ್ಲಿ ಬಿಡ್ರಿ ಮಾಸ್ತರ. ಸೂಜಿ ಹೋದ್ರ ಇನ್ನೊಂದು ಹಾಕಬೌದು. ಹುಡುಗಿಗೆ ಒಂದ್ ವರ್ಷ ಹೋಗಿದ್ರ ಯಾವ ಅಂಗಡ್ಯಾಗ ತರ್ತಿದ್ರಿ?’

ನಾನು ಇನ್ನೊಂದು ಪೇಡೆ ತೆಗೆದು ಆಕೆಯ ಕೈಗಿಟ್ಟೆ.