ಸಿಂಚನಳಿಗೆ ಹೇಳಬಾರದೆಂದಿದ್ದ ಮಾತು

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಪಕ್ಕದ ಚರಕದ ಮನೆಯಿಂದ ಆ ವಾಸನೆ ಬಂತು. ನೂಲು ತೆಗೆಯಲು ರೇಷ್ಮೆಗೂಡು ಬೇಯಿಸುವಾಗಿನ ವಾಸನೆ. ನೀವು ಊರಿಗೆ ಹೊಸಬರಾದರೆ ಹೊಟ್ಟೆ ತೊಳಸೀತು. ಕೊಳ್ಳೇಗಾಲದಲ್ಲಿ ಇಪ್ಪತ್ತೈದು ವರ್ಷ ಕಳೆದ ನನಗೆ ಅದು ಬೆಳಗಾಯಿತೆಂಬ ಸುದ್ದಿ, ಅಷ್ಟೆ. ಆ ಮನೆಯವರು ಮಗಳ ಮದುವೆಗೆಂದು ಒಲೆ ಆರಿಸಿ ಎರಡು ತಿಂಗಳಾಗಿತ್ತು. ಬಹಳ ದಿನದ ಮೇಲೆ ಬಂದ ವಾಸನೆಯಾದ್ದರಿಂದಲೋ ಏನೋ, ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ನಿಂತುಬಿಟ್ಟೆ. ನಮ್ಮ ಸಿಂಚನ ಈ ಮನೆಗೆ ಬಂದ ಮೊದಲ ಬೆಳಗು ಇದೇ ಹಿತ್ತಲಲ್ಲಿ ಬಗ್ಗಿ ವಾಂತಿ ಮಾಡಿಕೊಂಡದ್ದು ಕಣ್ಣ ಮುಂದೆ ಬಂತು.

ಸಿಂಚನ ನನ್ನ ತಂಗಿ ಮಾದೇವಿಯ ಒಬ್ಬಳೇ ಮಗಳು. ತಂಗಿಯನ್ನು ಹೂಗ್ಯಂಗೆ ಕೊಟ್ಟಿದ್ದೇವೆ. ಕಾಡಂಚಿನ ಊರು, ಎರಡೆಕರೆ ಹೊಲ, ಮಾತು ಕಡಿಮೆಯ ಗಂಡ. ಹುಡುಗಿ ಹನೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಚೆನ್ನಾಗಿಯೇ ಪಾಸು ಮಾಡಿ, ಪಿಯುಸಿಗೆ ವಿಜ್ಞಾನ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ನಮಗೆ ಮಕ್ಕಳಿಲ್ಲ. ಹದಿನಾರು ವರ್ಷದ ಹುಡುಗಿಯನ್ನು ಮನೆಯಲ್ಲಿಟ್ಟುಕೊಳ್ಳುವುದೆಂದರೆ ಒಂದು ಹಾಸಿಗೆ, ಒಂದು ಟೇಬಲ್ಲು ಎಂದುಕೊಂಡಿದ್ದೆ. ಎರಡನ್ನೂ ಕೊಂಡು ತಂದು, ನನ್ನ ಕರ್ತವ್ಯ ಮುಗಿಯಿತೆಂದು ಹಗುರಾಗಿದ್ದೆ.

ವಾಂತಿಗೆ ಕಾರಣ ವಾಸನೆ ಎಂದು ನಾನು ತೀರ್ಪು ಕೊಟ್ಟೆ. ಹಿತ್ತಲ ಬಾಗಿಲು ಮುಚ್ಚಿಸಿದೆ, ಊದುಬತ್ತಿ ಹಚ್ಚಿಸಿದೆ. ಆಮೇಲೂ ವಾಂತಿ ನಿಲ್ಲಲಿಲ್ಲ. ಮುದ್ದೆ ಮುರಿದು ಉಪ್ಸಾರಿನಲ್ಲಿ ಅದ್ದಿ ಅದ್ದಿ ಆಡುವಳೇ ಹೊರತು ನುಂಗುತ್ತಿರಲಿಲ್ಲ. ಆಗ ಎರಡನೆಯ ತೀರ್ಪು: ಇಂಗ್ಲಿಷು. ಕನ್ನಡದಲ್ಲಿ ಓದಿ ಬಂದ ಮಗುವಿಗೆ ಫಿಸಿಕ್ಸು ಕೆಮಿಸ್ಟ್ರಿ ಏಕಾಏಕಿ ಇಂಗ್ಲಿಷಿನಲ್ಲಿ ಬಂದರೆ ಗಂಟಲಲ್ಲಿ ಏನಿಳಿದೀತು? ಟ್ಯೂಷನ್ನಿಗೆ ಹಾಕಿದೆ. ದಪ್ಪನೆಯ ನಿಘಂಟು ತಂದೆ. ನಾನು ಪಿಯುಸಿಯಲ್ಲಿ ಎರಡು ಸಲ ನಪಾಸಾಗಿಯೂ ಬದುಕಿ ತೋರಿಸಿದ ಕಥೆಯನ್ನು ಮೂರು ಸಲ ಹೇಳಿದೆ. ಅವಳು ಮರ್ಯಾದೆಗೆ ಮೂರು ಸಲವೂ ಕೇಳಿದಳು.

ಯಳಂದೂರಿನಿಂದ ಬಂದ ನನ್ನ ಅತ್ತೆಯವರದು ಮೂರನೆಯ ತೀರ್ಪು. "ಕೂಸ್ಗೆ ಕಣ್ ಬಿದ್ದದ ಕಣ್ರಿ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು. ಅವತ್ತೊಂದು ದಿನ ಸಿಂಚನ ಸ್ವಲ್ಪ ನಕ್ಕಳು. ಹಾಗಾಗಿ ನಮ್ಮಿಬ್ಬರಲ್ಲಿ ಹೆಚ್ಚು ಗುಣ ಕೊಟ್ಟ ವೈದ್ಯೆ ಅವರೇ ಎನ್ನಬೇಕು.

ನಾನು ಇಲ್ಲಿನ ಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತ. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ಹೇಗಿದೆಯೆಂದು ಹೇಳಬಲ್ಲೆನೆಂಬ ಜಂಬ ನನಗಿತ್ತು. ಮನೆಯಲ್ಲಿದ್ದ ಮಗುವಿನ ಒಳಗೇನಿದೆಯೆಂದು ಮಾತ್ರ ತಿಳಿಯಲಿಲ್ಲ. ಈಗ ಯೋಚಿಸಿದರೆ, ತಿಳಿಯಲಿಲ್ಲ ಎನ್ನುವುದಕ್ಕಿಂತ ತಿಳಿಯುವ ಮನಸ್ಸಿರಲಿಲ್ಲ ಎನ್ನುವುದು ಸರಿ. ಏಕೆಂದರೆ ನನ್ನ ಹತ್ತಿರವೇ ಒಂದು ಗುಟ್ಟಿತ್ತು.

ಸಿಂಚನಳನ್ನು ನಮ್ಮ ಮನೆಗೆ ಕಳಿಸುವ ಹಿಂದಿನ ತಿಂಗಳು ಮಾದೇವಿಗೆ ಎದೆಯಲ್ಲಿ ಗಂಟು ಸಿಕ್ಕಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಆಪರೇಷನ್ನು, ಆಮೇಲೆ ಮೂರು ವಾರಕ್ಕೊಂದು ಇಂಜೆಕ್ಷನ್ನು. ಮಗಳಿಗೆ ಮಾತ್ರ "ಗರ್ಭಕೋಶದ ಸಣ್ಣ ಆಪರೇಷನ್ನು" ಎಂದು ಹೇಳಿದ್ದೆವು. ಮಾದೇವಿ ಆಸ್ಪತ್ರೆಯ ಮಂಚದ ಮೇಲೆ ಕೂತು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಿದ್ದಳು. "ಆಣೆ ಮಾಡಣ್ಣ. ಅವಳ ಪರೀಕ್ಸೆ ಮುಗಿಯಗಂಟ ಒಂದ್ ಮಾತೂ ಏಳ್ಬಾರ್ದು." ಆಣೆ ಮಾಡಿದ್ದೆ. ಮಗಳು ಫೋನು ಮಾಡಿದಾಗ ಮುಖ ತೋರಿಸುವ ಕರೆಗೆ ಮಾದೇವಿ ಒಪ್ಪುತ್ತಿರಲಿಲ್ಲ. "ನೆಟ್ವರ್ಕ್ ಇಲ್ಲ ಕಣಮ್ಮಿ" ಅನ್ನುತ್ತಿದ್ದಳು. ಹೂಗ್ಯಂನ ನೆಟ್ವರ್ಕು ನಮಗೆ ಅಷ್ಟು ಉಪಕಾರ ಮಾಡಿದ್ದು ಅದೇ ಮೊದಲು. ಇಂಜೆಕ್ಷನ್ನಿಗೆ ಅವಳ ಕೂದಲು ಪೂರ್ತಿ ಉದುರಿತ್ತು.

ಹೀಗೇ ಮೂರು ತಿಂಗಳಾಯಿತು. ಒಂದು ಮಧ್ಯಾಹ್ನ ಮಾರುಕಟ್ಟೆಯಲ್ಲಿ ಹರಾಜು ನಡೆಯುತ್ತಿದ್ದಾಗ ಕಾಲೇಜಿನಿಂದ ಫೋನು ಬಂತು. ಸಿಂಚನ ಲ್ಯಾಬಿನಲ್ಲಿ ಉಸಿರು ಸಿಗದೆ ಕುಸಿದು ಕೂತಿದ್ದಾಳೆ, ಬೇಗ ಬನ್ನಿ. ನಾನು ಓಡಿದೆ. ಹೊಟ್ಟೆ ಹೊತ್ತುಕೊಂಡು ಓಡುವ ಗುಮಾಸ್ತನನ್ನು ನೋಡಿ ರೈತರು ದಾರಿ ಬಿಟ್ಟರು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅವಳ ಕೈ ತಣ್ಣಗಿತ್ತು, ಬೆರಳು ಸೆಟೆದುಕೊಂಡಿದ್ದವು. "ಮಾವ, ನಾನು ಸತ್ತೋಯ್ತೀನಾ?" ಎಂದು ಕೇಳಿದಳು. ನಾನು ಇಷ್ಟದೇವರುಗಳನ್ನೆಲ್ಲ ಒಟ್ಟಿಗೆ ಕರೆದೆ.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎದೆ ನೋಡಿದರು, ಬಿಪಿ ನೋಡಿದರು, ಇಸಿಜಿ ಮಾಡಿಸಿದರು. ಆಮೇಲೆ ಸ್ಟೂಲು ಎಳೆದುಕೊಂಡು ಅವಳೆದುರು ಕೂತು, "ಬಿಸಿ ಕಾಫಿ ಊದ್ತೀಯಲ್ಲ, ಹಾಗೆ ನಿಧಾನವಾಗಿ ಉಸಿರು ಬಿಡು. ಎಳ್ಕೊಳ್ಳೋದು ತಾನಾಗೇ ಆಗುತ್ತೆ, ಬಿಡೋದು ಮಾತ್ರ ನೋಡ್ಕೋ" ಎಂದು ತಾವೂ ಊದಿ ತೋರಿಸಿದರು. ಹತ್ತು ನಿಮಿಷದಲ್ಲಿ ಬೆರಳು ಸಡಿಲವಾದವು. "ಹೃದಯ ಚೆನ್ನಾಗಿದೆ. ಇದು ಗಾಬರಿ. ಮನೇಲಿ ಏನಾದರೂ ಆಗಿದೆಯಾ?" ಎಂದು ನನ್ನ ಕಡೆ ನೋಡಿದರು.

"ಏನೂ ಇಲ್ಲ ಮೇಡಂ" ಎಂದೆ. ಹೇಳುವಾಗ ಸಿಂಚನ ನನ್ನನ್ನೇ ನೋಡುತ್ತಿದ್ದಳು. ಅವಳ ನೋಟದಲ್ಲಿ ಕೋಪವಿರಲಿಲ್ಲ. ಸುಳ್ಳು ಹೇಳುವ ದೊಡ್ಡವರ ಮೇಲೆ ಮಕ್ಕಳಿಗೆ ಬರುವ ಒಂದು ಕನಿಕರವಿತ್ತು. ಡಾಕ್ಟರಮ್ಮನಿಗೂ ಅದು ಕಂಡಿರಬೇಕು. ಚೀಟಿ ಕೊಡುತ್ತ ನನ್ನನ್ನು ಪಕ್ಕಕ್ಕೆ ಕರೆದು, "ಮಾತ್ರೆ ಬರೆದಿಲ್ಲ ಸರ್. ಇನ್ನೊಂದ್ಸಲ ಹೀಗಾದ್ರೆ ಕರ್ಕೊಂಡು ಬನ್ನಿ, ಮೈಸೂರಿಗೆ ಬರೆದುಕೊಡ್ತೀನಿ. ಅದಕ್ಕೆ ಮುಂಚೆ ಅವಳ ಹತ್ರ ಮಾತಾಡಿ. ಬುದ್ಧಿ ಹೇಳ್ಬೇಡಿ, ಮಾತಾಡಿ" ಎಂದರು.

ಮನೆಗೆ ಹೋಗಲು ಕಾಲು ಬರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಬೇಕರಿಯಲ್ಲಿ ಮೂಲೆಯ ಬೆಂಚಿನ ಮೇಲೆ ಕೂತೆವು. ಎರಡು ಖಾರ ಬನ್ನು ಹೇಳಿದೆ. ಮೇಜಿನ ಮೇಲಿನ ನೊಣ ಓಡಿಸಿದೆ.

"ಅಮ್ಮಿ, ನಿಮ್ಮವ್ವಂಗೆ ಆಗಿದ್ದು ಗರ್ಭಕೋಶದ ಆಪರೇಸನ್ ಅಲ್ಲ ಕಣವ್ವ."

"ಗೊತ್ತು ಮಾವ" ಎಂದಳು.

ಬನ್ನು ಬಂತು. ಇಬ್ಬರೂ ಮುಟ್ಟಲಿಲ್ಲ.

ಕಾಲೇಜಿಗೆ ಸೇರುವಾಗ ಜಾತಿ ಪ್ರಮಾಣಪತ್ರ ಬೇಕಿತ್ತಂತೆ. ಅವ್ವನ ಟ್ರಂಕಿನಲ್ಲಿ ಹುಡುಕುವಾಗ ಸೀರೆಗಳ ಕೆಳಗೆ ಮೈಸೂರಿನ ರಿಪೋರ್ಟು ಸಿಕ್ಕಿತ್ತು. ಅರ್ಥವಾಗದ ಎರಡು ಇಂಗ್ಲಿಷ್ ಪದಗಳನ್ನು ಅಂಗೈ ಮೇಲೆ ಬರೆದುಕೊಂಡು, ಅಪ್ಪನ ಫೋನಿನಲ್ಲಿ ಹುಡುಕಿ ನೋಡಿದ್ದಳು. ಆಮೇಲೆ ರಿಪೋರ್ಟನ್ನು ಇದ್ದ ಹಾಗೇ ಮಡಚಿ ಸೀರೆಯ ಕೆಳಗಿಟ್ಟಿದ್ದಳು. ಅಂದರೆ ನಮ್ಮ ಮನೆಗೆ ಬಂದ ಮೊದಲ ದಿನವೇ ಅವಳಿಗೆ ಎಲ್ಲ ಗೊತ್ತಿತ್ತು. ಪಾಪ, ನಾನು ಊದುಬತ್ತಿ ಹಚ್ಚುತ್ತಿದ್ದೆ.

"ಯಾಕಮ್ಮಿ ಕೇಳ್ನಿಲ್ಲ ನೀನು?"

"ಕೇಳಿದ್ರೆ ನಂಗೆ ಗೊತ್ತು ಅಂತ ಅವ್ವಂಗೆ ಗೊತ್ತಾಯ್ತಿತ್ತು. ಅವಳು ಇನ್ನೂ ಕೊರಗ್ತಿದ್ಲು." ಬನ್ನಿನ ತಟ್ಟೆ ಪಕ್ಕಕ್ಕೆ ಸರಿಸಿ, "ದಿನಾ ಕ್ಲಾಸಲ್ಲಿ ಕೂತಿರುವಾಗ ಯಾರಾರ ಬಾಗ್ಲತ್ರ ಬಂದ್ರೆ, ಅವ್ವಂಗೆ ಏನೋ ಆಗಿ ನನ್ನೇ ಕರಿಯಕ್ಕೆ ಬಂದ್ರು ಅನ್ಸದು ಮಾವ. ಇವತ್ತು ಅಟೆಂಡರ್ ಬಂದ್ರು. ಬೇರೆ ಯಾರ್ನೋ ಕರಿಯಕ್ಕೆ. ಅಷ್ಟೊತ್ಗೆ ನಂಗೆ ಉಸ್ರು ನಿಂತೋಯ್ತು" ಎಂದಳು. ಆಮೇಲೆ ಕೇಳಿದಳು: "ಅವ್ವ ಉಳ್ಕತಾಳಾ?"

ಉಳಿಯುತ್ತಾಳೆ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. "ನಂಗೆ ಗೊತ್ತಿಲ್ಲ ಕಣವ್ವ. ಬೇಗ್ನೆ ಕಂಡುಬಂದದ, ವಾಸಿ ಮಾಡ್ಬೋದು ಅಂತ ಡಾಕ್ಟ್ರು ಅಂತರೆ. ನಂಗೆ ಗೊತ್ತಿರೋದು ಅಷ್ಟೆ" ಎಂದೆ. ಹೇಳುತ್ತಲೇ ನನಗೆ ಅಳು ಬಂತು. ಬೇಕರಿಯ ಹುಡುಗ, ಗಿರಾಕಿಗಳು ಎಲ್ಲರೆದುರು ಐವತ್ತು ದಾಟಿದ ಗಂಡಸು ಬಿಕ್ಕಿದೆ. ಸಿಂಚನ ಪಕ್ಕಕ್ಕೆ ಸರಿದು ಬಂದು ನನ್ನ ಬೆನ್ನು ಸವರಿದಳು. "ಊದು ಮಾವ, ಕಾಫಿ ಊದೋ ಅಂಗೆ" ಎಂದಳು. ಯಾರು ಯಾರಿಗೆ ಧೈರ್ಯ ಹೇಳಬೇಕಿತ್ತು, ಯಾರು ಹೇಳಿದರು ನೋಡಿ. ಆಮೇಲೆ ಅವಳು ತನ್ನ ಬನ್ನನ್ನೂ ನನ್ನದರಲ್ಲಿ ಅರ್ಧವನ್ನೂ ತಿಂದಳು.

ಸಂಜೆ ಮಾದೇವಿಗೆ ಫೋನು ಮಾಡಿದೆ. "ನನ್ ತಲೆ ಮ್ಯಾಲೆ ಆಣೆ ಮಾಡಿದ್ಯಲ್ಲಣ್ಣ!" ಎಂದು ಕಿರುಚಿದಳು. "ಮಾಡಿದ್ದೆ, ತಪ್ಪಿದೆ. ಬಯ್ಯದಾದ್ರೆ ಬಯ್ಯಿ" ಎಂದೆ. ಸಾಕಷ್ಟು ಬಯ್ದಳು. ಆಮೇಲೆ ದನಿ ಸಣ್ಣದಾಯಿತು. "ಅವಳ ಕೈಗೆ ಕೊಡು." ತಾಯಿ ಮಗಳು ಏನು ಮಾತಾಡಿದರೋ ಗೊತ್ತಿಲ್ಲ. ನಾನೂ ನನ್ನ ಹೆಂಡತಿ ರಾಜಿಯೂ ಅಡುಗೆಮನೆಯಲ್ಲಿ ಕೂತು ಬೇಕಿಲ್ಲದಿದ್ದರೂ ಒಂದು ಮೊರ ಅವರೆಕಾಯಿ ಬಿಡಿಸಿದೆವು.

ಭಾನುವಾರ ಹನೂರಿನಲ್ಲಿ ಬಸ್ಸು ಬದಲಿಸಿ ಹೂಗ್ಯಂಗೆ ಹೋದೆವು. ಮಾದೇವಿ ತಲೆಗೆ ಟವೆಲು ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದಳು. ಸಿಂಚನ ಹತ್ತಿರ ಹೋಗಿ ಟವೆಲು ಬಿಚ್ಚಿದಳು, ಬೋಳು ತಲೆಯನ್ನು ಎರಡೂ ಕೈಯಲ್ಲಿ ಸವರಿದಳು. "ಅವ್ವ, ಒಳ್ಳೆ ದುಂಡಗದ ಕಣವ್ವ ನಿನ್ ತಲೆ" ಎಂದಳು. ಮಾದೇವಿ ನಗಲು ಹೋಗಿ ಅತ್ತಳು. ಮಾದೇವಿಯ ಗಂಡ, ವರ್ಷಕ್ಕೆ ಹತ್ತು ಮಾತಾಡದ ಮನುಷ್ಯ, ನನ್ನನ್ನು ಹೊಲದ ಬದುವಿನ ಕಡೆ ಕರೆದುಕೊಂಡು ಹೋಗಿ, "ಏಳಿದ್ದು ಒಳ್ಳೆದಾಯ್ತು ಬಾವ. ಅಳಾಕೆ ಜಾಗ ಉಡಿಕ್ಕಂಡು ನಾನು ಇಲ್ಲಿಗಂಟ ಬರ್ತಿದ್ದೆ" ಎಂದ.

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಬಂತು. ಅವ್ವನ ಬಗ್ಗೆ ಸಿಂಚನ ಏನು ಬೇಕಾದರೂ ಕೇಳಬಹುದು. ನಾವು ನಿಜ ಹೇಳಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಕಾಲೇಜು ರಜೆಯಿದ್ದ ದಿನ ಇಂಜೆಕ್ಷನ್ ಬಿದ್ದರೆ ಅವಳೂ ಮೈಸೂರಿಗೆ ಹೋಗುತ್ತಿದ್ದಳು. ರಾಜಿ "ಊಟ ಮಾಡ್ದಾ, ಊಟ ಮಾಡ್ದಾ" ಎಂದು ಬೆನ್ನು ಹತ್ತುವುದನ್ನು ಬಿಟ್ಟು, ತಟ್ಟೆ ಇಟ್ಟುಕೊಂಡು ಜೊತೆಗೆ ಕೂರುವುದನ್ನು ಕಲಿತಳು. ನಾನು ನನ್ನ ನಪಾಸಿನ ಕಥೆ ನಿಲ್ಲಿಸಿದೆ. ಎಲ್ಲ ಒಂದೇ ದಿನಕ್ಕೆ ಸರಿಹೋಯಿತೆಂದು ತಿಳಿಯಬೇಡಿ. ಟೆಸ್ಟಿನ ದಿನ ವಾಂತಿ ಆಗುತ್ತಲೇ ಇತ್ತು. ಇನ್ನೊಂದು ಸಲ ಉಸಿರು ಕಟ್ಟಿತು. ಆದರೆ ಆ ಸಲ ಅವಳೇ ಮೆಟ್ಟಿಲ ಮೇಲೆ ಕೂತು ಊದಿ ಊದಿ ಸರಿಮಾಡಿಕೊಂಡು, ಉಳಿದ ಪೀರಿಯಡ್ಡಿಗೂ ಹೋಗಿ ಬಂದಳು. ಮನೆಗೆ ಬಂದು ಹೇಳಿದ್ದು ಹಸಿವಾಗ್ತದೆ ಅಂತ. ಅರ್ಧವಾರ್ಷಿಕದಲ್ಲಿ ಫಿಸಿಕ್ಸು ಹೋಯಿತು, ಕೊನೆಗೆ ಹೇಗೋ ದಡ ಸೇರಿತು. ಅದಕ್ಕೆ ಮಾತ್ರ ನಾನು ತಂದ ನಿಘಂಟು ಕಾರಣವೆಂದು ಇವತ್ತಿಗೂ ವಾದಿಸುತ್ತೇನೆ.

ಇದೆಲ್ಲ ಆಗಿ ನಾಲ್ಕು ವರ್ಷ. ಮಾದೇವಿಗೆ ಕೂದಲು ಮೊದಲಿಗಿಂತ ಗುಂಗುರಾಗಿ ಬಂದಿದೆ. ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾಳೆ, ಸದ್ಯ ಎಲ್ಲ ಸರಿಯಾಗಿದೆ. ಸಿಂಚನ ಚಾಮರಾಜನಗರದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಾಳೆ.

ಇವತ್ತು ಬಾಯಿ ಮುಕ್ಕಳಿಸಿ ಒಳಗೆ ಬಂದವನು ಅವಳಿಗೇ ಫೋನು ಮಾಡಿದೆ. ನಿನ್ನೆ ನನ್ನ ರಕ್ತ ಪರೀಕ್ಷೆಯ ಚೀಟಿ ಬಂದಿತ್ತು. ಹಳೆಯ ನಾನಾಗಿದ್ದರೆ ಅದನ್ನು ಅಂಗಿಯ ಜೇಬಿನಲ್ಲೇ ಅಡಗಿಸಿಟ್ಟು ಒಬ್ಬನೇ ಕೊರಗುತ್ತಿದ್ದೆ.

"ಅಮ್ಮಿ, ನಂಗೆ ಶುಗರ್ ಬಂದದ" ಎಂದೆ.

"ಎಷ್ಟದ ಮಾವ? ಊಟಕ್ಕೆ ಮುಂಚೆದಾ, ಆಮೇಲಿಂದಾ?" ದನಿಯಲ್ಲಿ ಗಾಬರಿಯಿರಲಿಲ್ಲ. ಹೇಳಿದೆ. "ರಾಜಿ ಅತ್ತೆಗೆ ಏಳಿದ್ಯಾ?" ಎಂದಳು.

"ರಾತ್ರಿನೇ ಏಳ್ದೆ."

"ಏನಂದ್ರು?"

"ಬೆಲ್ಲದ ಡಬ್ಬ ಅಟ್ಟಕ್ಕೇರಿಸಿದ್ಲು."

ಅವಳು ಹಾಸ್ಟೆಲ್ಲಿನವರೆಲ್ಲ ಎದ್ದುಬಿಡುವಷ್ಟು ಜೋರಾಗಿ ನಕ್ಕಳು. ನಾನೂ ನಕ್ಕೆ. ರಾಜಿ ತಂದಿಟ್ಟ ಸಕ್ಕರೆಯಿಲ್ಲದ ಮೊದಲ ಲೋಟ ಚಹಾವನ್ನು ಆ ನಗು ಕೇಳುತ್ತಲೇ ಕುಡಿದು ಮುಗಿಸಿದೆ. ರುಚಿಯಾಗಿತ್ತು ಎಂದರೆ ಸುಳ್ಳಾದೀತು.