ಬಂಗುಡೆಯ ಕಣ್ಣಿಗೆ ಪ್ರಭಾವಳಿ

ನಾನು ಓದು ನಿಲ್ಲಿಸಿದ್ದು ೧೯೬೬ರಲ್ಲಿ, ಏಳನೆಯ ತರಗತಿಯ ನಡುವೆ, ಬೆಳಕು ನೇರ ರೇಖೆಯಲ್ಲಿ ಚಲಿಸುತ್ತದೆ ಎಂದು ಮೇಷ್ಟರು ಹೇಳಿಕೊಟ್ಟ ಮರುದಿನ. ಅದು ಬಾಗುತ್ತದೆ ಎಂಬುದು ಮುಂದಿನ ಪಾಠದಲ್ಲಿತ್ತಂತೆ. ಅಷ್ಟರಲ್ಲಿ ನಾನು ಮೀನಿನ ಬುಟ್ಟಿ ಹೊತ್ತಾಗಿತ್ತು. ಹಾಗಾಗಿ ನನ್ನ ಮಟ್ಟಿಗೆ ಬೆಳಕು ನಲವತ್ತೈದು ವರ್ಷ ಸಜ್ಜನನಂತೆ ನೇರವಾಗಿಯೇ ನಡೆದುಕೊಂಡಿತು.

ಆ ಅವಧಿಯಲ್ಲಿ ನಾನು ಸಂಪಾದಿಸಿದ ಏಕೈಕ ಪದವಿಯೆಂದರೆ ಮೀನಿನ ಕಣ್ಣು ನೋಡಿ ಅದರ ಜಾತಕ ಹೇಳುವುದು. ತಾಜಾ ಮೀನಿನ ಕಣ್ಣು ಉಬ್ಬಿ, ನಿರ್ಮಲವಾಗಿ, ನಮ್ಮನ್ನೇ ದುರುಗುಟ್ಟುತ್ತದೆ. ಹಳತಾದದ್ದು ಕುಳಿಬಿದ್ದು, ಮಬ್ಬಾಗಿ, ಪರೀಕ್ಷೆಯಲ್ಲಿ ನಪಾಸಾದವನಂತೆ ಎತ್ತಲೋ ನೋಡುತ್ತದೆ. ನಮ್ಮ ಅಂಗಡಿ ಬ್ರಹ್ಮಾವರದ ಪೇಟೆಯಲ್ಲಿ. ಬೆಳಗಿನ ಜಾವ ಬಂದರಿನ ಏಲಂನಲ್ಲಿ, ಅಂದರೆ ಹರಾಜಿನಲ್ಲಿ, ಮೀನು ಆರಿಸುವುದು ನನ್ನ ಕೆಲಸ, ಹಗಲು ಅಂಗಡಿಯಲ್ಲಿ ಮಾರುವುದು ಹೆಂಡತಿ ಬೇಬಿಯ ಕೆಲಸ. ಐವತ್ತು ದಾಟಿದರೂ ಅವಳ ಹೆಸರು ಬೇಬಿಯೇ. ಆ ಹೆಸರಿಗೂ ಅವಳ ಸ್ವಭಾವಕ್ಕೂ ಸಂಬಂಧ ಹುಡುಕಹೊರಟವರೆಲ್ಲ ಸೋತು ಸುಮ್ಮನಾಗಿದ್ದಾರೆ. ನಾನು ಆರಿಸಿದ ಮೀನಿನ ಕಿವಿರು ಎತ್ತಿ ನೋಡುವ ಗಿರಾಕಿ ಪೇಟೆಯಲ್ಲಿ ಇರಲಿಲ್ಲ. ತಾಜಾ ಆದರೆ ಕೆಂಪು, ಹಳತಾದರೆ ಕಂದು ಎಂದು ಸಾಕ್ಷಿ ಹೇಳುವ ಆ ಕಿವಿರನ್ನು ನಾನೂ ಎತ್ತುತ್ತಿರಲಿಲ್ಲ. ಕಣ್ಣಿರುವವನಿಗೆ ಕಿವಿರಿನ ಹಂಗೇಕೆ?

ಹೀಗಿರುವಾಗ, ಓದುಗ ಮಹಾಶಯರೇ, ನನ್ನ ಸ್ವಂತ ಕಣ್ಣೇ ಹಳೆಯ ಮೀನಿನದಾಗತೊಡಗಿತು. ೨೦೧೧ರ ಮಳೆಗಾಲ, ದೋಣಿಗಳಿಗೆಲ್ಲ ರಜೆ; ಕುಂದಾಪುರದ ಕಣ್ಣಿನ ಡಾಕ್ಟರರಲ್ಲಿಗೆ ಹೋದೆ. ಅವರು ಘಟ್ಟದ ಮೇಲಿನವರು, ಶುದ್ಧ ಸಸ್ಯಾಹಾರಿ, ಊರಿಗೆ ಹೊಸಬರು. ಏನು ತೊಂದರೆ ಎಂದು ಕೇಳಿದರು.

"ಕಾಣೆ ಸಮಾ ಕಾಂತಿಲ್ಲೆ ಡಾಕ್ಟ್ರೇ" ಎಂದೆ.

ಕಾಣೆ ಎಂದರೆ ನಮ್ಮಲ್ಲಿ ಒಂದು ಮೀನು. ಹೊಳೆ ಸಮುದ್ರ ಸೇರುವಲ್ಲಿ ಸಿಗುವ, ಗೇಣುದ್ದದ, ಬಹು ರುಚಿಯ ಜೀವಿ. ಪಾಪ, ಡಾಕ್ಟರರು ಅದನ್ನು ಅವರ ಊರಿನ ವ್ಯಾಕರಣದಲ್ಲಿ ಬಿಡಿಸಿಕೊಂಡರು. ಒಮ್ಮೆ 'ಕಾಣೆ' ಎಂದು, ಸಾಲದ್ದಕ್ಕೆ 'ಕಾಂತಿಲ್ಲೆ', ಅಂದರೆ ಕಾಣುತ್ತಿಲ್ಲ, ಎಂದೂ ಹೇಳುವವನದು ಪರಿಪೂರ್ಣ ಅಂಧತ್ವವೇ ಇರಬೇಕು! ತಟ್ಟನೆ ಎದ್ದು ಬಂದು ನನ್ನ ಕೈ ಹಿಡಿದರು.

"ನಿಧಾನ ಅಜ್ಜಾರೆ, ಇಲ್ಲಿ ಕುರ್ಚಿ ಇದೆ. ಯಾರ ಜೊತೆ ಬಂದ್ರಿ?"

"ಸ್ಕೂಟರಂಗೆ ಬಂದೆ."

"ಓಡಿಸಿದ್ದು ಯಾರು?"

"ನಾನೇ."

ನನಗಾಗಿ ಎಳೆದ ಕುರ್ಚಿಯಲ್ಲಿ ಡಾಕ್ಟರರೇ ಕುಳಿತುಬಿಟ್ಟರು. "ಕಾಣೆ ಅಂದ್ರೆ ಮೀನ್ ಮಾರ್ರೆ!" ಎಂದು ನಾನು ಕೂಗಿ ಹೇಳುವವರೆಗೂ ಅವರ ಮುಖದಲ್ಲಿ ಕುಂದಾಪುರದ ರಸ್ತೆಗಳ ಬಗ್ಗೆ ಭಯಂಕರ ಕಳವಳವಿತ್ತು. 'ಅಜ್ಜಾರೆ' ಎಂದದ್ದನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.

ಪೊರೆ ತೆಗೆದು ಮಸೂರ ಕೂರಿಸಬೇಕೆಂದಾಯಿತು. ದೂರಕ್ಕೆ ಮಾತ್ರ ಆಗುವ ಸಾದಾ ಮಸೂರವೂ ಇತ್ತು. ದೂರದ ಬಸ್ಸಿನ ಬೋರ್ಡು, ನಡುವಿನ ಮೀನು, ಹತ್ತಿರದ ಪೇಪರು ಎಲ್ಲವನ್ನೂ ಒಂದರಲ್ಲೇ ತೋರಿಸುವ ಬಹುನಾಭಿ ಮಸೂರವೂ ಇತ್ತು. ಐಸಿನ ಹಬೆಗೆ ಕನ್ನಡಕ ಮಬ್ಬಾಗಿ ಸಾಕಾಗಿದ್ದ ನಾನು ಎರಡನೆಯದಕ್ಕೇ ಕೈ ಹಾಕಿದೆ. ಅದರ ಮೈಮೇಲೆ ಉಂಗುರದೊಳಗೆ ಉಂಗುರ. ಹಾಗಾಗಿ ದೀಪದ ಸುತ್ತ ಬಳೆಯಂಥ ಪ್ರಭೆ ಕಾಣಬಹುದು, ಬೆಳಕು ಕುಕ್ಕಬಹುದು ಎಂದು ಡಾಕ್ಟರರು ಎಚ್ಚರಿಸಿದರು. ಪ್ರಭಾವಳಿ ದೇವರಿಗೇ ಇರುವಾಗ ದೀಪಕ್ಕಿದ್ದರೇನು ಎಂದು ನಾನು ಉದಾರವಾಗಿ ಬಲಗಣ್ಣನ್ನು ಒಪ್ಪಿಸಿದೆ.

ರಜೆ ಮುಗಿದು ಮೊದಲ ಏಲಂ. ಬಂದರಿನ ತುಂಬ ಉರಿಯುವ ಬಲ್ಬು, ಕೆಳಗೆ ಒದ್ದೆ ಬಂಗುಡೆ. ಏನು ಹೇಳಲಿ! ಪ್ರತಿಯೊಂದು ಬಂಗುಡೆಯ ಕಣ್ಣಿನ ಸುತ್ತಲೂ ದಿವ್ಯವಲಯ. ಒಂದೊಂದೂ ಆಗಷ್ಟೇ ತಪಸ್ಸು ಮುಗಿಸಿ ಎದ್ದ ಋಷಿಯಂತೆ ತೇಜಃಪುಂಜ. ಇಂಥ ಮೀನು ಜನ್ಮದಲ್ಲೇ ಕಂಡಿಲ್ಲವೆಂದು ಆರು ಪೆಟ್ಟಿಗೆ ಕೂಗಿ ಹಿಡಿದೆ. ಅಂಗಡಿಯಲ್ಲಿ ಬೇಬಿ ಒಂದನ್ನು ಎತ್ತಿದಳು, ಮೂಸಿದಳು.

"ಹ್ವಾಯ್, ಇದನ್ ಆರ್ಸದ್ ಯಾರ್?"

"ನಾನೇ. ಕಣ್ಣ್ ಕಾಣ್, ಹ್ಯಾಂಗ್ ಹೊಳಿತಿತ್ತ್!"

"ಹೊಳುದ್ ಮೀನಿಂದಲ್ಲ, ನಿಮ್ ಕಣ್ಣ್. ಕಿವಿರ್ ಕಾಣಿ, ಕಾಫಿ ಪುಡಿ ಕಂಡಂಗಿತ್ತ್. ನಾಳೆಯಿಂದ ಬಂದ್ರಿಗೆ ನಾನ್ ಹೋತೆ. ನೀವ್ ಇಲ್ಲ್ ಕೂಕಣಿ."

ಋಷಿಗಳೆಲ್ಲ ಗೊಬ್ಬರವಾಗಿ ನಮ್ಮ ತೆಂಗಿನ ಬುಡಕ್ಕೆ ಸೇರಿದರು. ನಾನು ಅಂಗಡಿಯಲ್ಲಿ ಮೀನಿನ ಹುರುಪೆ ಹೆರೆಯುತ್ತ ಕುಳಿತೆ; ನಲವತ್ತೈದು ವರ್ಷದ ಪದವಿ ಒಂದೇ ಬೆಳಗಿನಲ್ಲಿ ರದ್ದಾಗಿತ್ತು. ಗಿರಾಕಿಗಳಂತೂ ಕಿವಿರು ಎತ್ತಿ ನೋಡತೊಡಗಿದರು, ಅದೂ ನನ್ನ ಮುಖದೆದುರೇ. "ಎಂತ ಮಾರ್ರೆ, ನಿಮ್ಮನಿ ತೆಂಗಿನ್ ಮರ ಈ ವರ್ಷ ಭಾರೀ ಗುಂಡ್ಗುಂಡ್ಗೆ ಆಯ್ತಂಬ್ರಲೆ" ಎಂದು ಒಬ್ಬರು ಕುಶಲ ವಿಚಾರಿಸಿದರು. ಬಂದರಿಗೆ ಮರಳಬೇಕಾದರೆ ಈ ಬಳೆಗಳು ಹೋಗಲೇಬೇಕಿತ್ತು.

ಜ್ಞಾನೋದಯವಾದದ್ದು ಊಟದ ಬಟ್ಟಲಲ್ಲಿ. ಬಂಗುಡೆ ತಲೆಯ ಸಾರು ಉಂಡವರಿಗೆ ಗೊತ್ತು: ಬೆಂದ ಕಣ್ಣಿನೊಳಗೆ ಒಂದು ಬಿಳಿ ಮಣಿ ಇರುತ್ತದೆ. ಅದೇ ಮೀನಿನ ಮಸೂರ. ಉಗುರಿನಿಂದ ಸುಲಿದೆ, ಈರುಳ್ಳಿಯಂತೆ ಪದರದೊಳಗೆ ಪದರ, ಎಲ್ಲಿಯೂ ಅಂಚಿಲ್ಲ, ಎಲ್ಲವೂ ನುಣ್ಣಗೆ. ಡಾಕ್ಟರರ ಗೋಡೆಯ ಚಿತ್ರದಲ್ಲಿದ್ದ ನನ್ನ ಮಸೂರಕ್ಕಾದರೋ ಉಂಗುರದಿಂದ ಉಂಗುರಕ್ಕೆ ಗರಗಸದ ಹಲ್ಲಿನಂಥ ಮೆಟ್ಟಿಲು. ಮರುದಿನವೇ ಬೆಂಕಿಪೊಟ್ಟಣದಲ್ಲಿ ನಾಲ್ಕು ಮಣಿ ಇಟ್ಟುಕೊಂಡು ಹೋಗಿ ಮೇಜಿನ ಮೇಲೆ ತೆರೆದೆ. ಡಾಕ್ಟರರು ಕುರ್ಚಿಸಮೇತ ಹಿಂದೆ ಸರಿದರು.

"ಇದ್ರೊಳ್ಗೆ ಒಂದ್ ಮೆಟ್ಲ್ ಇತ್ತಾ ಕಾಣಿ. ನಿಮ್ಮದ್ರೊಳ್ಗೆ ಬೆಳ್ಕ್ ಎಡವಿ ಬೀಳತ್ತ್, ಬಿದ್ದದ್ದ್ ಸುತ್ತ ಚೆಲ್ಲತ್ತ್. ಮೆಟ್ಲ್ ನುಣ್ಣಗೆ ಮಾಡ್ಕ್, ಅಷ್ಟೇ."

ಅವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬಗ್ಗಿ ಮಣಿಗಳನ್ನು ನೋಡಿದರು.

"ಯಜಮಾನ್ರೆ, ಮಸೂರ ಮಾಡೋರು ಈಗ ಅದನ್ನೇ ಮಾಡ್ತಾ ಇದ್ದಾರೆ. ಮೆಟ್ಟಿಲು ತಗ್ಗಿಸಿ, ಅಂಚು ನಯ ಮಾಡಿದ್ದು ಬಂದಿದೆ. ಎಡಗಣ್ಣಿಗೆ ಅದನ್ನೇ ಹಾಕೋಣ. ನಿಮಗಿದನ್ನ ಹೇಳಿದ್ದು ಯಾರು?"

"ಬಂಗ್ಡಿ" ಎಂದೆ.

ಅಜ್ಜನಿಂದ ಯಜಮಾನನಾಗಿ ಬಡ್ತಿ ಪಡೆದು ಹೊರಬಂದೆ. ನನ್ನನ್ನು ಒಂದು ಮಾತೂ ಕೇಳದೆ ನನ್ನ ವಿನ್ಯಾಸವನ್ನು ಅಳವಡಿಸಿಕೊಂಡ ಆ ಪರದೇಶದ ತಜ್ಞರನ್ನು ದೊಡ್ಡ ಮನಸ್ಸಿನಿಂದ ಮನ್ನಿಸಿದ್ದೇನೆ. ಎಡಗಣ್ಣಲ್ಲಿ ಬಳೆಗಳು ಇಲ್ಲವೆನ್ನುವಷ್ಟು ತೆಳು. ಬಲಗಣ್ಣಿನವನ್ನು ಮಿದುಳೇ ಕ್ರಮೇಣ ಕಡೆಗಣಿಸಿತು, ಮನೆಯಲ್ಲಿ ನನ್ನ ಮಾತನ್ನು ಕಡೆಗಣಿಸುವ ಹಾಗೆ.

ಮುಂದಿನ ವರ್ಷ ಬೇಬಿ ನನ್ನನ್ನು ಬಂದರಿಗೆ ಪರೀಕ್ಷೆಗೆ ಕರೆದೊಯ್ದಳು. ಬಲ್ಬಿನ ಕೆಳಗೆ ಎರಡು ಪೆಟ್ಟಿಗೆ. "ಮುಟ್ಟುಕಿಲ್ಲೆ, ಹೇಳಿ" ಎಂದಳು. ಎಡಗಡೆಯದು ಇವತ್ತಿನದು, ಬಲಗಡೆಯದು ನಿನ್ನೆಯದು ಎಂದೆ. ಅವಳು ಕಿವಿರು ಎತ್ತಿದಳು. ಎಡಗಡೆ ಕುಂಕುಮ, ಬಲಗಡೆ ಕಾಫಿ ಪುಡಿ. "ಸಮಾ ಇತ್ತ್" ಎಂದಳು. ನಲವತ್ತಾರು ವರ್ಷದಲ್ಲಿ ನನಗೆ ದೊರೆತ ಒಂದೇ ಪ್ರಮಾಣಪತ್ರ. ಆದರೆ ಏಲಂ ಕೂಗುವ ಮುನ್ನ ನನ್ನ ಕೈ ತಾನಾಗಿ ಹೋಗಿ ಮತ್ತೊಂದು ಮೀನಿನ ಕಿವಿರನ್ನು ಎತ್ತಿತು. ಕಣ್ಣು ಸರಿಯಾದ ಮೇಲೂ ಆ ಅಭ್ಯಾಸ ಹೋಗಿಲ್ಲ, ಹೋಗಬಾರದು. ಬಂದರನ್ನು ಬಿಟ್ಟುಕೊಡಲು ಬೇಬಿಯೂ ತಯಾರಿಲ್ಲ.

ಈಗ ನನ್ನಲ್ಲಿರುವುದು: ಅಂಗಡಿ ಒಂದು, ಐಸ್ ಪೆಟ್ಟಿಗೆ ಎಂಟು, ಸ್ಕೂಟರ್ ಒಂದು, ಮಸೂರ ಎರಡು, ಕನ್ನಡಕ ಇಲ್ಲ. ಏಲಂಗೆ ಹೋಗುವವರು ಇಬ್ಬರು.