ಮಾಜಿ ಅಧ್ಯಕ್ಷರ ಬೇಸಿಗೆ ಸವಾರಿ

ನನ್ನ ತಂಗಿ ಮಿರೇಯ್‌ಳ ಗಂಡ ರೊಲಾಂ ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಬರುತ್ತದೋ ಇಲ್ಲವೋ. ಕುಡಿಯುವುದು ಎಲ್ಲರಷ್ಟೇ, ಕೂಗಾಡುವುದು ಎಲ್ಲರಿಗಿಂತ ಕಡಿಮೆ. ಅವನಿಗೆ ಅಂಟಿದ ಜಾಡ್ಯ ಒಂದೇ, ಹಬ್ಬದ ಸಮಿತಿ. ನಮ್ಮ ಮೊಂಗ್ರೆಸ್ ಎಂಬ ಊರಲ್ಲಿರುವುದು ಒಂದು ಚರ್ಚು, ಮನಸ್ಸು ಬಂದಾಗ ಬಾಗಿಲು ತೆರೆಯುವ ಒಂದು ಬ್ರೆಡ್ಡಿನಂಗಡಿ, ಮತ್ತು ಆಗಸ್ಟ್ ತಿಂಗಳ ಮರಿಯಮ್ಮನ ಹಬ್ಬ. ಮದುವೆಯಾದ ವರ್ಷದಿಂದ ಆ ಹಬ್ಬಕ್ಕೆ ರೊಲಾಂನೇ ಅಧ್ಯಕ್ಷ. ದೇಶಕ್ಕೆ ಎಷ್ಟೋ ಅಧ್ಯಕ್ಷರು ಬಂದರು, ಹೋದರು. ನಮ್ಮವನು ಮಾತ್ರ ಇಕ್ಕಳ ಹಿಡಿದು, ಏಪ್ರನ್ ಕಟ್ಟಿಕೊಂಡು, ಸಾಸೇಜು ಸುಡುವ ಕೆಂಡದ ಮುಂದೆ ನಿಂತೇ ಇದ್ದ.

ಮಿರೇಯ್ ಅವನಿಗೆ ಸಿಕ್ಕಿದ್ದೂ ಹಬ್ಬದ ಕುಣಿತದಲ್ಲೇ. ಅವಳ ಸೊಂಟಕ್ಕೆ ಕೈ ಹಾಕಿ ವಾಲ್ಟ್ಸ್ ಎಂಬ ಜೋಡಿ ಕುಣಿತ ಶುರುಮಾಡಿದ್ದ. ಅರ್ಧದಲ್ಲಿ ಯಾರೋ ವೈನಿನ ಪೀಪಾಯಿ ಸೋರುತ್ತಿದೆ ಎಂದು ಕೂಗಿದರು. "ಎರಡೇ ನಿಮಿಷ" ಎಂದು ಓಡಿದ. ಆಮೇಲೆ ಮದುವೆಯಾಯಿತು, ಮಕ್ಕಳಾದವು, ಮಕ್ಕಳಿಗೂ ಮದುವೆಯಾಯಿತು. ಉಳಿದರ್ಧ ವಾಲ್ಟ್ಸ್ ಹಾಗೇ ಉಳಿಯಿತು. ಪ್ರತಿ ವರ್ಷ ಅಕಾರ್ಡಿಯನ್ ಬಾರಿಸುವವನು ಬಂದು ಕೂತಾಗ ನನ್ನ ತಂಗಿ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಸಮಿತಿಯವರು ಚೆಂದದ ನಾಲ್ಕು ಮಾತಾಡಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು, ಅವನನ್ನು ಕುರ್ಚಿಯಿಂದ ಇಳಿಸಿದರು. ಗಡಿಯಾರ ಬಗಲಲ್ಲಿಟ್ಟುಕೊಂಡು ಮನೆಗೆ ಬಂದವನ ಮುಖ ಸುಟ್ಟ ಬದನೆಕಾಯಿಯ ಹಾಗಿತ್ತು.

"ನಾನಿಲ್ದೆ ಹಬ್ಬ ಮಾಡ್ತಾರಂತೆ! ಮಾಡ್ಲಿ, ಮಾಡ್ಲಿ. ಆಗಸ್ಟ್‌ನಲ್ಲಿ ನಾವು ಊರಲ್ಲೇ ಇರಲ್ಲ ಕಣೇ. ಕಾರು ತೆಗೆದು ಊರೂರ ಹಬ್ಬ ಸುತ್ತೋಣ. ರೊಲಾಂ ಎಲ್ಲಿ, ರೊಲಾಂ ಎಲ್ಲಿ ಅಂತ ಇವ್ರು ಬಾಯಿ ಬಾಯಿ ಬಡ್ಕೋಬೇಕು" ಎಂದ.

ಅಂದಿನಿಂದ ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡಿತು. ಗರೋನ್ ನದಿಯ ಮೇಲೆ ಸೂಪಿನ ಬಟ್ಟಲು, ಬೆಟ್ಟಗಳ ಮೇಲೆ ಬ್ರೆಡ್ಡಿನ ಚೂರು. ಈಸ್ಟರ್ ಬಂದರೂ ನಕ್ಷೆ ಎತ್ತಲಿಲ್ಲ. ಹೆದ್ದಾರಿಯ ಹೆಸರೆತ್ತಿದರೆ ಮೈಮೇಲೆ ಬಂದವನಂತೆ ಆಡುತ್ತಿದ್ದ. "ಹೆದ್ದಾರಿ ಇರೋದು ಪ್ಯಾರಿಸ್‌ನವ್ರಿಗೆ. ಅವ್ರಿಗೆ ಊರು ಬೇಡ, ದೂರ ಬೇಕು." ಹಾಗಾಗಿ ಬಸವನಹುಳು ಸುಟ್ಟು ತಿನ್ನುವ ಹಬ್ಬದಿಂದ ಕರಬೂಜದ ಹಬ್ಬಕ್ಕೆ, ಅಲ್ಲಿಂದ ಬೆಳ್ಳುಳ್ಳಿ ಹಬ್ಬಕ್ಕೆ, ಕುಡುಕ ನಡೆದ ಹಾಗೆ ಒಂದು ದಾರಿ ಎಳೆದ. ಎಲ್ಲಿ ತಿನ್ನುವುದು, ತಿಂದಮೇಲೆ ಎಲ್ಲಿ ಮಲಗುವುದು, ಎಷ್ಟು ಬೇಗ ಹೋದರೆ ಕಾರಿಗೆ ಮರದ ನೆರಳು ಸಿಗುತ್ತದೆ, ಎಲ್ಲ ಬರೆದ. ನೆರಳಿನ ವಿಷಯದಲ್ಲಿ ಅವನಷ್ಟು ಯೋಚಿಸಿದವನು ಈ ದೇಶದಲ್ಲಿ ಇರಲಿಕ್ಕಿಲ್ಲ.

ಗಂಡ ಸತ್ತಮೇಲೆ ನಾನು ಒಬ್ಬಳೇ ಇರುವುದರಿಂದ ಹಿಂದಿನ ಸೀಟು ನನಗೆ ಎಂದು ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಒಂದು ಭಾನುವಾರ ಊಟವಾದಮೇಲೆ ಮಿರೇಯ್ ನಕ್ಷೆಯ ಮೇಲೆ ಕೈಯಿಟ್ಟಳು. "ನಿಂಗೆಲ್ಲಿಗೆ ಬೇಕೋ ಅಲ್ಲಿಗೆ ಬರ್ತೀನಿ, ಏನು ಕೊಟ್ರೂ ತಿಂತೀನಿ. ನಂಗೆ ಒಂದೇ ಒಂದು ವಾಲ್ಟ್ಸ್ ಬೇಕು. ನೀನೂ ನಾನೂ. ಕೊನೇ ತನಕ."

"ಅಷ್ಟೇನಾ?" ಎಂದು ರೊಲಾಂ ಕನ್ನಡಕ ಏರಿಸಿ ಹುಡುಕತೊಡಗಿದ. ಬಸವನಹುಳುವಿನ ಊರಲ್ಲಿ ಆಗುವುದಿಲ್ಲ, ಊಟವಾದ ಕೂಡಲೇ ಹೊರಡಬೇಕು. ಕರಬೂಜದ ಊರಲ್ಲೂ ಆಗುವುದಿಲ್ಲ, ಮರುದಿನದ ನೆರಳು ತಪ್ಪಿಹೋಗುತ್ತದೆ. ಕೊನೆಗೆ ಬೆಳ್ಳುಳ್ಳಿ ಹಬ್ಬದ ಸಂಜೆ, ಚೀಸ್ ಮುಗಿದು ಹಣ್ಣು ಬರುವುದರೊಳಗೆ, ಒಂದು ಸಂದು ಸಿಕ್ಕಿತು. ಅಲ್ಲಿ 'ವಾಲ್ಟ್ಸ್' ಎಂದು ಬರೆದು ಅಡಿಗೆರೆ ಎಳೆದ.

"ನೋಡಿದ್ಯಾ?" ಎಂದ ನನಗೆ, ಹೆಂಡತಿಗೆ ಅರಮನೆ ಕಟ್ಟಿಸಿಕೊಟ್ಟವನ ಹಾಗೆ.

ಆಗಸ್ಟ್ ಬಂತು, ಹೊರಟೆವು. ಮೊದಲ ಊರಿನಲ್ಲಿ ಬಸವನಹುಳು ಬರುವುದು ತಡವಾಯಿತು. ಸಾಲಿನಲ್ಲಿದ್ದ ನೂರಾರು ಜನ ಹರಟುತ್ತ ನಿಂತಿದ್ದರು, ಯಾರಿಗೂ ಅವಸರವಿರಲಿಲ್ಲ. ರೊಲಾಂಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. "ಕೆಂಡ ತಡವಾಗಿ ಹಚ್ಚಿದಾರೆ ಇವ್ರು. ಒಂದು ಮಾತು ಹೇಳಿ ಬರ್ತೀನಿ" ಎಂದು ಸಾಲು ಬಿಟ್ಟು ಹೋದ. ತಿರುಗಿ ನೋಡುವಷ್ಟರಲ್ಲಿ ಅವನ ಸೊಂಟದಲ್ಲಿ ಆ ಊರಿನ ಏಪ್ರನ್! ದುಡಿಯುವವರು ಕೊನೆಯಲ್ಲಿ ಉಣ್ಣಬೇಕೆಂಬುದು ಎಲ್ಲ ಸಮಿತಿಗಳ ನೇಮ. ಊರೆಲ್ಲ ಉಂಡು ಕುಣಿದು ಮನೆಗೆ ಹೋದಮೇಲೆ ನಾವು ಮೂವರು ಆರಿದ ಬಸವನಹುಳು ತಿಂದೆವು. ಕರಬೂಜದ ಊರಿನಲ್ಲಿ ಬೆಂಚುಗಳನ್ನು ತಪ್ಪು ದಿಕ್ಕಿಗೆ ಹಾಕಿದ್ದಾರೆಂದು ಅವೆಲ್ಲವನ್ನೂ ತಿರುಗಿಸಿ ಹಾಕಿಸಿದ. ಕೂತಿದ್ದ ಮುದುಕಿಯರನ್ನೂ ಎಬ್ಬಿಸಿದ.

"ಉಗೆತ್, ನೀನಾದ್ರೂ ಹೇಳೇ" ಎಂದಳು ತಂಗಿ.

ನಾನು ಹೇಳದೆ ಬಿಡುವವಳೇ? "ಲೋ, ನಾವು ಹಬ್ಬ ನೋಡೋಕೆ ಬಂದಿದೀವೋ, ಕೂಲಿಗೆ ಬಂದಿದೀವೋ? ನಾಳೆ ಏನಾದ್ರೂ ಆ ಇಕ್ಕಳ ಮುಟ್ಟಿದ್ಯೋ, ನಿನ್ನ ಕೈ ಮುರೀತೀನಿ."

"ಇಲ್ಲ ಮಾರಾಯ್ತಿ, ನಮ್ಮಮ್ಮನಾಣೆಗೂ ಮುಟ್ಟಲ್ಲ" ಎಂದು ಆಣೆ ಹಾಕಿದ. ಪಾಪ, ಆ ಅಮ್ಮ ಸತ್ತು ಎಷ್ಟೋ ವರ್ಷವಾಗಿರುವುದು ಅವಳ ಪುಣ್ಯ.

ಬೆಳ್ಳುಳ್ಳಿ ಹಬ್ಬದ ಸಂಜೆ ಅವನು ಜಾಣ ಹುಡುಗನಂತೆ ಕೈಕಟ್ಟಿ ಕೂತಿದ್ದ. ಮಿರೇಯ್ ನೀಲಿ ಫ್ರಾಕು ಹಾಕಿದ್ದಳು, ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಕಾಣುತ್ತಿದ್ದಳು. ಬೆಳ್ಳುಳ್ಳಿ ಸೂಪು ಬಂತು, ಕೋಳಿ ಬಂತು, ಚೀಸ್ ಬಂತು. ವೇದಿಕೆ ಮೇಲೆ ಅಕಾರ್ಡಿಯನ್ ಉಸಿರೆಳೆಯಿತು. ಅಷ್ಟರಲ್ಲಿ ಆಚೆ ಸಾಸೇಜು ಸುಡುವ ಒಲೆಯ ಹತ್ತಿರ ಯಾರೋ ಕೈ ಸುಟ್ಟುಕೊಂಡು "ಹಾ!" ಎಂದರು.

"ಎರಡೇ ನಿಮಿಷ" ಎಂದ ರೊಲಾಂ.

ವಾಲ್ಟ್ಸ್ ಶುರುವಾಯಿತು. ತಂಗಿ ಚೀಸಿನ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಹೋಗಿ ಸಾಸೇಜಿನ ಸಾಲಿನಲ್ಲಿ ನಿಂತಳು. ನಾನೂ ಹಿಂದೆಯೇ ಹೋದೆ. ಸಾಲು ಸರಿಯಿತು, ಅವಳ ಸರದಿ ಬಂತು. ಹೊಗೆಯಲ್ಲಿ ತಲೆ ಬಗ್ಗಿಸಿದ್ದ ಅವಳ ಗಂಡ, ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡ, ಕಣ್ಣೆತ್ತದೆ ಕೇಳಿದ:

"ನಿಮಗೆಷ್ಟು ಕೊಡ್ಲಿ ಮದಾಂ? ಸಾಸಿವೆ ಹಾಕ್ಲಾ?"

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇಡೀ ಜನ್ಮದಲ್ಲಿ ಅವನು ಅವಳಿಗೆ 'ನೀವು' ಎಂದದ್ದು ಒಂದೇ ಸಲ, ಮೊದಲು ಕುಣಿಯಲು ಕರೆದಾಗ.

"ಏನೂ ಬೇಡ ಮಸ್ಯೂ, ನೀವು ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದಳು ಮಿರೇಯ್, ಗುರುತಿಲ್ಲದ ಗಂಡಸನ್ನು ಕರೆಯುವ ಹಾಗೆ. ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. ನನ್ನ ಮಂಡಿಯ ಕಥೆ ದೇವರಿಗೇ ಗೊತ್ತು. ಆದರೂ ಕುಣಿದೆ. ಅಕ್ಕತಂಗಿಯರಿಬ್ಬರೂ ಕೊನೆಯ ತನಕ ಕುಣಿದೆವು. ಅವಳು ಅಳುತ್ತಿದ್ದಳು, ನಾನು ಅವನ ವಂಶವನ್ನೆಲ್ಲ ಶಪಿಸುತ್ತಿದ್ದೆ. ದನಿ ಗುರುತು ಹಿಡಿಯಲು ಅವನಿಗೆ ಒಂದು ತಟ್ಟೆ ಸಾಸೇಜಿನಷ್ಟು ಸಮಯ ಬೇಕಾಯಿತು. ಇಕ್ಕಳ ಹಿಡಿದುಕೊಂಡೇ ಓಡಿಬಂದಾಗ ಅಕಾರ್ಡಿಯನ್‌ನವನು ಬೆವರು ಒರೆಸಿಕೊಳ್ಳುತ್ತಿದ್ದ.

ಬೆಳಿಗ್ಗೆ ವಸತಿಗೃಹದ ಮೇಜಿನ ಮುಂದೆ ಮೂವರೂ ಕೂತೆವು. ಮಿರೇಯ್ ಕಾಫಿ ಬಗ್ಗಿಸಿದಳು.

"ನಿಮಗೆ ಸಕ್ಕರೆ ಬೇಕಾ ಮಸ್ಯೂ?"

"ಸಾಕು ಬಿಡೇ ತಮಾಷೆ" ಎಂದು ರೊಲಾಂ ನಗಲು ನೋಡಿದ. ನಗು ಬರಲಿಲ್ಲ. "ಹೊಗೇಲಿ ಕಾಣ್ಲಿಲ್ಲ ಅಂದ್ನಲ್ಲ. ಇಷ್ಟು ವರ್ಷ ಕಾಫಿ ಕೊಟ್ಟಿದೀಯ, ನಂಗೆ ಸಕ್ಕರೆ ಬೇಕೋ ಬೇಡ್ವೋ ನಿಂಗೊತ್ತಿಲ್ವಾ?"

"ನಂಗೊತ್ತು" ಎಂದಳು ತಂಗಿ. "ನೀವು ನಂಗೆ ಸಾಸಿವೆ ಬೇಕಾ ಅಂತ ಕೇಳಿದ್ರಿ. ನೀವು ತಲೆ ಎತ್ತಿ ನೋಡಿದ್ರೂ ಅದನ್ನೇ ಕೇಳ್ತಿದ್ರಿ. ನಾನು ಸಾಸಿವೆ ತಿನ್ನಲ್ಲ."

ರೊಲಾಂ ಬಟ್ಟಲು ಕೆಳಗಿಟ್ಟ. ನಿಜವಾಗಿಯೂ ಗಾಬರಿಯಾಗಿ, ಅವಳ ಮುಖವನ್ನೇ ದಿಟ್ಟಿಸಿ ನೋಡಿದ.

"ಯಾವಾಗಿಂದ?" ಎಂದ.

"ಹುಟ್ಟಿದಾಗಿಂದ ಕಣೋ" ಎಂದೆ ನಾನು.